ಎರಡಿಂಚಿನ ಸವತಿ

ಪಾಸ್‌ಪೋರ್ಟ್ ಆಫೀಸಿನ ಕೌಂಟರಿನಲ್ಲಿದ್ದ ಹೆಂಗಸು ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಮತ್ತೆ ಫೋಟೋ, ಮತ್ತೆ ಮುಖ. ನನ್ನ ಹಿಂದೆ ಕ್ಯೂ ಬಾಗಿಲು ದಾಟಿತ್ತು.

“ಇದು ನಿಮ್ಮ ತಂಗೀದಾ?”

“ನಂದೇ.”

“ಇಷ್ಟು ತಿದ್ದಿರೋ ಫೋಟೋ ನಡೆಯಲ್ಲಮ್ಮ. ಮುಖ ಹೇಗಿದೆಯೋ ಹಾಗೇ ಬೇಕು,” ಎಂದು ಗಾಜಿನ ಕೆಳಗಿನ ಸಂದಿಯಿಂದ ಫೋಟೋ ವಾಪಸ್ ತಳ್ಳಿದಳು. ಪಾಪ, ಮೆಲ್ಲಗೇ ಹೇಳಿದಳು. ಆದರೆ ಅವಳ ಮುಂದೆ ಮೈಕ್ ಇತ್ತು. ಕ್ಯೂಗೆ ಕ್ಯೂವೇ ಕತ್ತು ಚಾಚಿ ನನ್ನ ಕೆನ್ನೆ ನೋಡಿತು.

ಆ ಕೆನ್ನೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹದಿಹರೆಯದಲ್ಲಿ ಎಲ್ಲರಿಗೂ ಮೊಡವೆ ಬರುತ್ತವೆ, ಹೋಗುತ್ತವೆ. ನನಗೆ ಬಂದವು ಹೋಗುವಾಗ ಗುಂಡಿ ತೋಡಿಟ್ಟು ಹೋದವು. ಬಲಗಡೆ ಅಷ್ಟಿಲ್ಲ. ಎಡಗೆನ್ನೆ ಮಾತ್ರ ಮಳೆಹನಿ ಬಿದ್ದ ಮರಳಿನ ಹಾಗಿದೆ. ಯಾವುದೇ ಫೋಟೋಗೆ ನಿಂತರೂ ಅಮ್ಮ ಮಾತಿಲ್ಲದೆ ನನ್ನ ಗಲ್ಲ ಹಿಡಿದು ಕೊಂಚ ಎಡಕ್ಕೆ ತಿರುಗಿಸುತ್ತಿದ್ದಳು. ಆಮೇಲಾಮೇಲೆ ಅವಳ ಕೈ ಬೇಕಾಗಲಿಲ್ಲ, ನಾನೇ ತಿರುಗುತ್ತಿದ್ದೆ.

ಇಂಥ ಮುಖ ಹೊತ್ತುಕೊಂಡು ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಎತ್ತ ನೋಡಿದರೂ ಕನ್ನಡಿ. ದಿನವಿಡೀ ಜನರ ಮೂಗಿನ ಮುಂದೆ ಮೂಗಿಟ್ಟು ಫ್ರೇಮ್ ಕೂರಿಸಬೇಕು. ಕಣ್ಣು ಸರಿಯಿಲ್ಲದವರೇ ಬರುತ್ತಾರೆ ಎನ್ನುವುದೊಂದು ಸಮಾಧಾನ. ಕನ್ನಡಕ ಹಾಕಿದ ಮೇಲೆ ಅದೂ ಇಲ್ಲ.

ಪಾಸ್‌ಪೋರ್ಟ್ ಆಫೀಸಿನಿಂದ ನೆಟ್ಟಗೆ ಸ್ಟುಡಿಯೋಗೆ ಹೋಗಿ ಫೋಟೋಗಳನ್ನು ಮೇಜಿನ ಮೇಲೆ ಬಡಿದೆ.

“ಏನ್ರೀ ಇದು?”

ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂತಿದ್ದವನು ಕಣ್ಣು ಕಿರಿದು ಮಾಡಿ ನೋಡಿದ. “ಚೆನ್ನಾಗಿ ಬಂದಿದೆಯಲ್ಲ ಮೇಡಂ?”

“ಫೋಟೋ ಚೆನ್ನಾಗಿ ಬಂದಿದೆ. ಅದರಲ್ಲಿ ನಾನು ಬಂದಿಲ್ಲ. ಟಚಪ್ ಮಾಡೋಕೆ ನಿಮಗೆ ಹೇಳಿದ್ದು ಯಾರು?”

“ಯಾರೂ ಹೇಳಲ್ಲ ಮೇಡಂ. ಹೇಳದಿದ್ರೂ ಮಾಡ್ತೀವಿ.” ಅವನು ನಿಜವಾಗಿಯೂ ಗಾಬರಿಯಾಗಿದ್ದ. “ಸ್ಕ್ರೀನ್ ಮೇಲೆ ಮುಖ ಬಂತು ಅಂದ್ರೆ ಹಣೆಯಿಂದ ಶುರು ಮಾಡಿ ಕೆಳಗೆ ಬರ್ತೀನಿ. ಕೆನ್ನೆ ಕೊನೇಗೆ. ಕೈ ತಾನಾಗೇ ಹೋಗ್ಬಿಡುತ್ತೆ. ಯಾರ ಮುಖ ಅಂತ ನಾನು ನೋಡೋಷ್ಟರಲ್ಲಿ ಮುಗಿದೇ ಹೋಗಿರುತ್ತೆ.”

“ಚೆನ್ನಾಗಿದೆ! ಈಗ ಇನ್ನೊಂದು ತೆಗೀರಿ. ಕೈ ಹಚ್ಚಿದ್ರೆ ನೋಡಿ.”

ಹೊಸ ಫೋಟೋ ತೆಗೆದ. ಪ್ರಿಂಟ್ ಹೊರಬರುವವರೆಗೂ ತನ್ನ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ, ತುಂಟ ಹುಡುಗನನ್ನು ಮೂಲೆಯಲ್ಲಿ ಕೂರಿಸಿದ ಮೇಷ್ಟರ ಹಾಗೆ. ನಗಬಾರದು ಅಂದುಕೊಂಡರೂ ನಗು ಬಂತು. ನಾನು ನಕ್ಕಿದ್ದು ನೋಡಿ ಅವನೂ ನಕ್ಕ.

“ಮೊದಲು ನಿಮ್ಮ ಕಣ್ಣು ತೋರಿಸಿಕೊಳ್ಳಿ,” ಎಂದೆ. “ಇಷ್ಟು ಕಿರಿದು ಮಾಡಿ ನೋಡಿದ್ರೆ ಎಲ್ಲರ ಮುಖವೂ ಒಂದೇ ಥರ ಕಾಣುತ್ತೆ.”

ಹಳೆಯ ಫೋಟೋಗಳನ್ನು ಅವನು ಕಸದ ಬುಟ್ಟಿಗೆ ಹಾಕಲು ಹೋದ. “ಬೇಡ, ಕೊಡಿ ಇಲ್ಲಿ,” ಎಂದು ಒಂದನ್ನು ಕಿತ್ತುಕೊಂಡು ಪರ್ಸಿನಲ್ಲಿ ಇಟ್ಟುಕೊಂಡೆ.

ಕೆಲವೇ ದಿನಕ್ಕೆ ನಮ್ಮ ಅಂಗಡಿಗೆ ಬಂದ. ತೆಳು ಕಪ್ಪು ಫ್ರೇಮ್ ಆರಿಸಿದ. ಕನ್ನಡಕ ತಯಾರಾದ ದಿನ ನಾನೇ ಹಾಕಿದೆ. ಕಿವಿಯ ಹಿಂದೆ ಕಡ್ಡಿ ಕೂರಿಸುವಾಗ ಅವನ ಕಿವಿ ಬಿಸಿಯಾಗಿತ್ತು.

“ಬಿಗಿ ಆಯ್ತಾ?”

“ಯಾವುದು?”

“ಕನ್ನಡಕ ಸ್ವಾಮಿ.”

“ಓ, ಅದಾ. ಅದು ಸರಿಯಾಗಿದೆ.”

“ಸರಿಯಾಗಿ ಕಾಣುತ್ತಾ?”

ಗೋಡೆಯ ಮೇಲಿನ ಅಕ್ಷರಗಳನ್ನು ಓದಬೇಕಾದವನು ನನ್ನನ್ನು ನೋಡಿದ. ಅವಸರವೇ ಇಲ್ಲದ ಹಾಗೆ ನೋಡಿದ. “ಕಾಣುತ್ತೆ,” ಎಂದ.

ನಾನು ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಜೊತೆಗೇ ಅಳುವೂ ಬರುತ್ತಿತ್ತು. ನನ್ನ ಕೈಯಾರೆ ನಾನೇ ಅವನಿಗೆ ಕಣ್ಣು ಕೊಟ್ಟೆನಲ್ಲ ಅನಿಸಿತು.

ಆಮೇಲೆ ಸಂಜೆಯ ಕಾಫಿ ಶುರುವಾಯಿತು. ‘ನೀವು’ ಹೋಗಿ ‘ನೀನು’ ಬಂತು. ನಾನು ಅವನನ್ನು ‘ರಬ್ಬರ್ ಸಾಹೇಬ್ರು’ ಎಂದು ಕರೆದೆ, ಅವನು ನನ್ನನ್ನು ‘ಕನ್ನಡಕ’ ಎಂದು ಕರೆದ. ಕಾಫಿ ಅಂಗಡಿಯಲ್ಲಿ ನನ್ನದು ಒಂದೇ ಕುರ್ಚಿ. ಅಲ್ಲಿ ಕೂತರೆ ಎಡಗೆನ್ನೆ ಗೋಡೆಗೆ, ಬಲಗೆನ್ನೆ ಅವನಿಗೆ. ಬೇರೆ ಯಾರಾದರೂ ಅದರಲ್ಲಿ ಕೂತಿದ್ದರೆ, ಅವರು ಏಳುವ ತನಕ ಅಂಗಡಿಯ ಹೊರಗೇ ನಿಂತು ಅವನನ್ನು ಮಾತಿಗೆ ಹಿಡಿದುಕೊಳ್ಳುತ್ತಿದ್ದೆ.

“ಇವತ್ತು ಒಬ್ಬರ ಗಲ್ಲ ಕಮ್ಮಿ ಮಾಡ್ದೆ,” ಎನ್ನುತ್ತಿದ್ದ ಅವನು. “ಎರಡಿತ್ತು, ಒಂದು ಉಳಿಸಿದೆ. ಇನ್ನೊಬ್ಬರ ಕಣ್ಣಿನ ಕೆಳಗಿನ ಚೀಲ ಖಾಲಿ ಮಾಡ್ದೆ.”

ನಾನು ನಗುತ್ತಿದ್ದೆ. ನಗುತ್ತಲೇ ಅವನ ಕಣ್ಣನ್ನು ಗಮನಿಸುತ್ತಿದ್ದೆ. ಆ ಕಣ್ಣು ನನ್ನ ಹಣೆಯ ಮೇಲೆ ನಿಂತರೆ, ಈಗ ಕೆಳಗೆ ಬರುತ್ತದೆ, ಕೆನ್ನೆ ಕೊನೆಗೆ ಎಂದು ಲೆಕ್ಕ ಹಾಕುತ್ತಿದ್ದೆ. ಅವನು ಒಂದು ದಿನವೂ ನನ್ನ ಮುಖದ ಬಗ್ಗೆ ತಪ್ಪು ಮಾತು ಆಡಿದವನಲ್ಲ. ಆದರೆ ಅವನು ಬಾಯಿ ಬಿಡುವ ಮೊದಲೇ ಅವನ ಕೈ ತೀರ್ಪು ಕೊಟ್ಟು ಆಗಿತ್ತಲ್ಲ.

ಆ ತೀರ್ಪು ನನ್ನ ಪರ್ಸಿನಲ್ಲೇ ಇತ್ತು. ಬಸ್ಸಿನಲ್ಲಿ, ಊಟದ ವೇಳೆಯಲ್ಲಿ ತೆಗೆದು ನೋಡುತ್ತಿದ್ದೆ. ಅದೇ ಕಣ್ಣು, ಅದೇ ಮೂಗು, ಅದೇ ಹಳದಿ ಕುರ್ತಾ. ಕೆನ್ನೆ ಮಾತ್ರ ತೊಳೆದಿಟ್ಟ ತಟ್ಟೆ. ಅವನ ಕೈಗೆ ಇಷ್ಟವಾದವಳು ಇವಳು. ನಗಬೇಡಿ, ನನಗೆ ಅವಳ ಮೇಲೆ ಸವತಿ ಮತ್ಸರ. ಎರಡಿಂಚಿನ ಸವತಿ.

ಹೀಗಿರುವಾಗ ಒಂದು ಸಂಜೆ, ಕಾಫಿ ಕಪ್ಪಿನ ಕೆಳಗಿನ ಒದ್ದೆ ಉಂಗುರವನ್ನು ಬೆರಳಿನಿಂದ ಒರೆಸುತ್ತಾ ಅವನು ಕೇಳಿದ: “ಮದುವೆ ಆಗೋಣ್ವಾ?”

ನಾನು ಕಪ್ಪನ್ನು ಕೆಳಗಿಟ್ಟೆ.

“ತಿಂಗಳ ಕೊನೆಗೆ ನನ್ನನ್ನ ಇನ್ನೊಂದು ಊರಿನ ಬ್ರಾಂಚಿಗೆ ಹಾಕ್ತಿದ್ದಾರೆ,” ಎಂದ, ಮೇಜನ್ನೇ ನೋಡುತ್ತಾ. “ನೀನು ಹೂಂ ಅಂದ್ರೆ ಮುಂದಿಂದು ಇಬ್ಬರೂ ಸೇರಿ ಯೋಚನೆ ಮಾಡೋಣ. ಉಹೂಂ ಅಂದ್ರೆ ಒಬ್ಬನೇ ಹೋಗ್ತೀನಿ. ಮತ್ತೆ ಬಂದು ಕಾಟ ಕೊಡಲ್ಲ.”

ಹೂಂ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮದುವೆ ಎಂದರೆ ಬೆಳಗಾದರೆ ಮುಖ, ಸಂಜೆಯಾದರೆ ಮುಖ. ಒಂದು ಕುರ್ಚಿಯಿಂದ ಸಂಸಾರ ಮಾಡಲಾಗುತ್ತದೆಯೇ?

“ಸ್ವಲ್ಪ ಟೈಮ್ ಕೊಡು,” ಎಂದೆ.

ಅವನ ಬೆರಳು ಒರೆಸುವುದನ್ನು ನಿಲ್ಲಿಸಿತು. “ತಗೋ,” ಎಂದ ಮೆಲ್ಲಗೆ.

ಮರುದಿನವೇ ಚರ್ಮದ ಡಾಕ್ಟರ ಹತ್ತಿರ ಓಡಿದೆ. ವಯಸ್ಸಾದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ಕೆನ್ನೆ ನೋಡಿದರು. ಗೋಡೆಯ ಮೇಲೆ ಮೈಕ್ರೋಡರ್ಮಾಬ್ರೇಶನ್ ಎಂದು ಬರೆದ ಬೋರ್ಡ್ ಇತ್ತು. ಅದನ್ನೇ ಬೆರಳು ಮಾಡಿ ತೋರಿಸಿದೆ.

“ಅದು ಚರ್ಮದ ಮೇಲ್ಪದರ ಸವೆಸೋದು ಅಷ್ಟೇ ಕಣಮ್ಮ. ಟಿಪ್ ಉಜ್ಜುತ್ತೆ, ಪೈಪು ಹೀರ್ಕೊಳ್ಳುತ್ತೆ. ಹೊಳಪು ಬರುತ್ತೆ. ಆದ್ರೆ ನಿನ್ನ ಗುಂಡಿ ಆಳದಲ್ಲಿವೆ, ಅವು ಹೋಗಲ್ಲ.”

“ಸ್ವಲ್ಪನಾದ್ರೂ?”

“ಸುಳ್ಳು ಹೇಳೋಕೆ ಮನಸ್ಸಿಲ್ಲ.”

ನನಗೋ, ಸುಳ್ಳು ಕೇಳುವುದಕ್ಕೇ ಮನಸ್ಸಿತ್ತು. ಹಠ ಹಿಡಿದು ಒಂದು ಸಿಟ್ಟಿಂಗ್ ಮಾಡಿಸಿಕೊಂಡೆ. ಪೆನ್ನಿನಂಥ ಲೋಹದ ಕಡ್ಡಿ ಕೆನ್ನೆಯ ಮೇಲೆ ಗುಂಯ್‌ಗುಡುತ್ತಾ ಓಡಾಡಿತು. ಬೆಕ್ಕು ನೆಕ್ಕಿದ ಹಾಗೆ ಒರಟು ಒರಟು. ಮುಗಿದ ಮೇಲೆ ನರ್ಸ್ ಪೈಪಿನ ಫಿಲ್ಟರ್ ಬಿಚ್ಚಿ ತೋರಿಸಿದಳು, ಅದರ ಮೇಲೆ ಬೂದು ಬಣ್ಣದ ಪುಡಿ. ಇಷ್ಟೇನಾ ನಾನು ಅನಿಸಿತು. ಇನ್ನು ಎರಡು ವಾರ ಮುಖಕ್ಕೆ ಏನೂ ಮಾಡಿಸಕೂಡದು, ಬಿಸಿಲಿಗೆ ಹೋಗಕೂಡದು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದರು.

ಎರಡು ವಾರ ಕಾಯುವ ತಾಳ್ಮೆ ಯಾರಿಗಿದೆ? ಅದೇ ವಾರ ಒಂದು ಸ್ಪಾಗೆ ಹೋದೆ. ಮೇಣದ ಬತ್ತಿ, ಬಿಳಿ ಗೌನು, ಸ್ಪೀಕರಿನಲ್ಲಿ ನೀರು ಬೀಳುವ ಸದ್ದು. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎನ್ನುವ ಹಾಗೆ ಎಲ್ಲರೂ ಪಿಸುಗುಟ್ಟುತ್ತಾರೆ. ಅಲ್ಲಿನ ಮೆಷಿನ್ ಸಣ್ಣ ಬಿಳಿ ಪುಡಿ ಊದಿ ಹೀರುವಂಥದ್ದು. “ನಾಲ್ಕೈದು ಸಿಟ್ಟಿಂಗಿಗೆ ನಿಮಗೇ ಗೊತ್ತಾಗುತ್ತೆ ಮೇಡಂ,” ಎಂದು ಹುಡುಗಿ ಕಿವಿಯಲ್ಲಿ ಹೇಳಿದಳು. ನನಗೆ ಗೊತ್ತಾಗಿದ್ದು ಇಷ್ಟೇ, ಸಂಜೆಯ ತನಕ ಕಿವಿಯಿಂದ ಪುಡಿ ಉದುರುತ್ತಿತ್ತು.

ಮೂರನೆಯದು ಜಿಮ್ ಒಂದರ ಮೇಲಿನ ಮಹಡಿಯಲ್ಲಿದ್ದ ಸ್ಕಿನ್ ಕ್ಲಿನಿಕ್. ಕೆಳಗೆ ಯಾರೋ ಕಬ್ಬಿಣ ಎತ್ತಿಹಾಕಿದಾಗಲೆಲ್ಲ ಮಂಚ ಅದುರುತ್ತಿತ್ತು. ಆದರೆ ಅಲ್ಲಿನ ಗೋಡೆ ನೋಡಿ ನಾನು ಸೋತುಹೋದೆ. ಗೋಡೆ ತುಂಬ ‘ಮುಂಚೆ’ ಮತ್ತು ‘ನಂತರ’ ಫೋಟೋಗಳ ಜೋಡಿ, ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ. ‘ಮುಂಚೆ’ಯಲ್ಲಿ ನನ್ನಂಥವೇ ಕೆನ್ನೆಗಳು. ‘ನಂತರ’ದಲ್ಲಿ ಒಂದು ಗುಂಡಿಯಿಲ್ಲ. ಆ ನುಣುಪು ನಾನು ಎಲ್ಲೋ ನೋಡಿದ ಹಾಗೆ ಇತ್ತು. ಎಲ್ಲಿ ಎಂದು ಯೋಚಿಸಲು ಹೋಗಲಿಲ್ಲ. ಆಸೆ ಬಿದ್ದವಳಿಗೆ ಯೋಚನೆ ಎಲ್ಲಿಂದ ಬರಬೇಕು?

“ನಿಮ್ಮದೂ ಹೀಗೇ ಆಗುತ್ತೆ,” ಎಂದ ಮ್ಯಾನೇಜರ್. ಎಡಗೆನ್ನೆಯನ್ನು ಲೈಟಿಗೆ ಹಿಡಿಸಿ ಫೋಟೋ ತೆಗೆದ. “ನಮ್ಮ ಹೊಸ ಬ್ರೋಶರಿಗೆ ಹಾಕ್ತೀವಿ. ಕಣ್ಣಿಗೆ ಪಟ್ಟಿ ಇರುತ್ತಲ್ಲ, ಹೆತ್ತ ತಾಯಿಗೂ ಗೊತ್ತಾಗಲ್ಲ.”

ನಾನು ಆಗಲಿ ಎಂದು ತಲೆಯಾಡಿಸಿದೆ.

ಮುಖ ಮಾತ್ರ ದಿನದಿನಕ್ಕೆ ಹದಗೆಟ್ಟಿತು. ಒಂದರ ಹಿಂದೊಂದು ಉಜ್ಜಿಸಿಕೊಂಡು ಚರ್ಮ ಕೆಂಡವಾಯಿತು, ನೀರು ಸೋಕಿದರೂ ಉರಿ. ಕೆಂಪು ಇಳಿಯುವವರೆಗೂ ಅವನ ಕಣ್ಣಿಗೆ ಬೀಳುವಂತಿಲ್ಲ. “ಸ್ಟಾಕ್ ಚೆಕಿಂಗ್ ಇದೆ”, “ಅಮ್ಮನಿಗೆ ಹುಷಾರಿಲ್ಲ”, “ತಲೆನೋವು”. ಗಟ್ಟಿಮುಟ್ಟಾಗಿದ್ದ ಅಮ್ಮನಿಗೆ ನನ್ನ ಬಾಯಲ್ಲಿ ಆ ತಿಂಗಳು ಬರಬಾರದ ರೋಗವೆಲ್ಲ ಬಂತು. ಅವನು ಮೊದಲು “ಹೌದಾ, ಪಾಪ” ಎನ್ನುತ್ತಿದ್ದ. ಆಮೇಲೆ “ಸರಿ” ಎನ್ನುತ್ತಿದ್ದ. ಆಮೇಲೆ ಫೋನ್ ಮಾಡುವುದೇ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಂಗಡಿಗೇ ಬಂದ. ಗಾಜಿನ ಬಾಗಿಲಲ್ಲಿ ಅವನ ಆಕಾರ ಕಂಡ ಕೂಡಲೇ ನಾನು ಫ್ರೇಮ್ ಸ್ಟ್ಯಾಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಜೊತೆಯವಳಿಗೆ ಕೈಸನ್ನೆ ಮಾಡಿದೆ.

“ಇವತ್ತು ರಜ ಹಾಕಿದಾಳೆ,” ಎಂದಳು ಅವಳು.

ತಲೆಯೆತ್ತಿ ನೋಡಿದೆ. ನಮ್ಮ ಅಂಗಡಿಯಲ್ಲಿ ಯಾರಿಗೂ ಅಡಗಿಕೊಳ್ಳಲು ಆಗುವುದಿಲ್ಲ ಎಂಬುದನ್ನು ಅಷ್ಟು ವರ್ಷ ಕೆಲಸ ಮಾಡಿದ ನಾನೇ ಮರೆತಿದ್ದೆ. ಎದುರಿನ ಕನ್ನಡಿಯಲ್ಲಿ ಅವನ ಕಣ್ಣು ನೇರ ನನ್ನ ಮೇಲಿತ್ತು. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಗೆ ಹೋದ. ನನ್ನ ಕಾಲು ಜೋಮು ಹಿಡಿದಿತ್ತು, ಏಳಲು ಆಗಲಿಲ್ಲ.

ಮನೆಯಲ್ಲಿ ಅಕ್ಕನ ಕೈಗೆ ಸಿಕ್ಕಿಬಿದ್ದೆ. ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಕೆನ್ನೆಗೆ ಮುಲಾಮು ಮೆತ್ತಿಕೊಳ್ಳುತ್ತಿದ್ದವಳನ್ನು ನೋಡಿದಳು.

“ಇದೇನೇ ಇದು? ಮುಖಾನ ಕಲ್ಲಿಗೆ ಉಜ್ಜಿದ್ಯಾ?”

ಎಲ್ಲವನ್ನೂ ಹೇಳಿದೆ.

“ಅವನೇನಾದ್ರೂ ಅಂದ್ನಾ?”

“ಇಲ್ಲ.”

“ಮತ್ತೆ ನಿಂಗ್ಯಾವ ದೆವ್ವ ಮೆಟ್ಕೊಂಡಿದೆ?”

“ಅವನು ಅಂದಿಲ್ಲ ಅಕ್ಕ, ಅವನ ಕೈ ಅಂದಿದೆ. ಮೊದಲನೇ ದಿನವೇ.” ಪರ್ಸಿನಿಂದ ಫೋಟೋ ತೆಗೆದು ತೋರಿಸಿದೆ.

ಅಕ್ಕ ತುಂಬ ಹೊತ್ತು ನೋಡಿದಳು. “ಅವನಿಗೆ ಇವಳೇ ಬೇಕು ಅಂತ ಯಾರು ಹೇಳಿದ್ದು? ಹೋಗಿ ಅವನನ್ನೇ ಕೇಳು. ತಿಂಗಳು ಮುಗೀತಾ ಬಂತು. ಬಾಯಿ ಬಿಡದೆ ಅವನನ್ನ ಬಸ್ ಹತ್ತಿಸಿಬಿಟ್ಟು ಆಮೇಲೆ ನನ್ನ ಹೆಗಲ ಮೇಲೆ ಅಳ್ಬೇಡ.”

ಕೇಳಲೇಬೇಕು ಎಂದು ಗಟ್ಟಿ ಮನಸ್ಸು ಮಾಡಿ ಸ್ಟುಡಿಯೋಗೆ ಹೋದೆ. ಮುಖದ ಕೆಂಪು ಇಳಿದಿತ್ತು. ಹೂಂ ಎನ್ನುವುದಕ್ಕೂ ಸಿದ್ಧಳಾಗಿದ್ದೆ.

ಅವನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಸ್ಕ್ರೀನಿನ ಮೇಲೆ ನನ್ನ ಮುಖ. ಕಣ್ಣಿಗೆ ಕಪ್ಪು ಪಟ್ಟಿ. ಹಣೆ ನುಣುಪಾಗಿತ್ತು, ಅದು ನನ್ನ ಹಣೆಯಲ್ಲ. ಅವನ ತಿದ್ದುವ ಪೆನ್ನಿನ ಗುರುತು ನನ್ನ ಎಡಗೆನ್ನೆಯ ಮೇಲೆ ನಿಂತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು.

“ಮತ್ತೆ ಶುರು ಮಾಡ್ದೆಯಾ?”

ಅವನು ಬೆಚ್ಚಿ ತಿರುಗಿದ. ಮುಖದಲ್ಲಿ ರಕ್ತವೇ ಇರಲಿಲ್ಲ. “ಇದು ನೀನೇನಾ? ನೀನು ಯಾಕೆ ಅಲ್ಲಿಗೆ...”

“ನಾನು ಎಲ್ಲಿಗಾದ್ರೂ ಹೋಗ್ತೀನಿ. ನೀನು ಒರೆಸು. ನಿಲ್ಲಿಸ್ಬೇಡ. ಹಣೆ ಆಯ್ತಲ್ಲ, ಕೆನ್ನೆ ಕೊನೇಗೆ ತಾನೇ? ಒರೆಸಿ, ಅವಳನ್ನೇ ಕಟ್ಕೊ.”

“ಯಾರನ್ನ? ಒಂದ್ನಿಮಿಷ ಕೂತ್ಕೋ ಮಾರಾಯ್ತಿ, ಹೇಳೋದು ಕೇಳು...”

ಕೇಳಲಿಲ್ಲ. ಬಾಗಿಲನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಗೋಡೆಯ ಮೇಲಿದ್ದ ನಗುಮುಖದ ದಂಪತಿಗಳೆಲ್ಲ ಅಲುಗಾಡಿದರು. ಆ ಫೋಟೋ ಅವನ ಹತ್ತಿರ ಹೇಗೆ ಬಂತು ಎಂದು ಕೂಡ ಯೋಚಿಸದಷ್ಟು ಸಿಟ್ಟು. ಫೋನ್ ಮೇಲೆ ಫೋನ್ ಬಂತು. ಎತ್ತಲಿಲ್ಲ. ಕೊನೆಗೆ ಒಂದು ಮೆಸೇಜ್: “ನನ್ನನ್ನ ಬೇಗನೇ ಕಳಿಸ್ತಿದ್ದಾರೆ. ನಾಳೆ ಸಂಜೆ ಬಸ್ಸು. ನೀನು ಟೈಮ್ ಕೇಳಿದ್ದೆ, ನನ್ನ ಹತ್ರ ಇದ್ದಿದ್ದೆಲ್ಲ ಕೊಟ್ಟೆ.”

ಅದನ್ನು ಓದಿ ಅತ್ತೆ. ಅತ್ತರೆ ಕೆನ್ನೆ ಉರಿಯುತ್ತಿತ್ತು, ಉರಿಗೆ ಇನ್ನೂ ಅಳು.

ಮರುದಿನ ಕ್ಲಿನಿಕ್ಕಿನಲ್ಲಿ ನನ್ನ ಸಿಟ್ಟಿಂಗ್ ಇತ್ತು. ಹೋಗಬಾರದಿತ್ತು. ಆದರೆ ಅವನು ಹೋದರೂ ಹೋಗಲಿ, ಕೆನ್ನೆಯಾದರೂ ಸರಿಯಾಗಲಿ ಎನ್ನುವ ಹಾಳು ಹಠ. ಮಂಚದ ಮೇಲೆ ಮಲಗಿದೆ. ಹುಡುಗಿ ಕಣ್ಣಿನ ಮೇಲೆ ಒದ್ದೆ ಹತ್ತಿಯ ಪ್ಯಾಡ್ ಇಟ್ಟಳು. ಹಣೆ ಮುಗಿಸಿ ಬಲಗೆನ್ನೆಗೆ ಬಂದಳು. ಮೆಷಿನ್ ಗುಂಯ್‌ಗುಡುತ್ತಿದ್ದಾಗಲೇ ಬಾಗಿಲು ತೆರೆದ ಸದ್ದು, ಮ್ಯಾನೇಜರನ ದನಿ.

“ಆ ಸ್ಟುಡಿಯೋದವನು ಕೈ ಕೊಟ್ಟ ಕಣಮ್ಮ. ಬ್ರೋಶರ್ ಪ್ರಿಂಟಿಗೆ ಹೋಗ್ಬೇಕು.”

“ಯಾಕೆ ಸರ್? ಗೋಡೆ ಮೇಲಿರೋ ‘ನಂತರ’ ಎಲ್ಲಾ ಅವನೇ ತಾನೇ ಮಾಡಿಕೊಟ್ಟಿದ್ದು?”

“ಹೂಂ. ಈ ಸಲಾನೂ ಎಲ್ಲರದ್ದೂ ಮಾಡ್ದ. ಒಂದು ಮುಖ ಮಾತ್ರ ಹೇಗೆ ಕಳಿಸಿದ್ವೋ ಹಾಗೇ ವಾಪಸ್ ಬಂದಿದೆ. ಹಣೆ ಮಾಡಿದ್ನಂತೆ, ಅದನ್ನೂ ಅಳಿಸಿ ಮೊದಲಿದ್ದ ಹಾಗೇ ಇಟ್ಟಿದಾನೆ. ಕೇಳಿದ್ರೆ ‘ಇದನ್ನ ಮಾಡಲ್ಲ’ ಅಂತಾನೆ. ಅವರ ಓನರಿಗೆ ಹೇಳಿ ಬೈಸಿದೆ. ‘ಬೇಕಾದ್ರೆ ಕೆಲಸದಿಂದ ತೆಗೀರಿ, ಈ ಮುಖ ಮಾತ್ರ ಮುಟ್ಟಲ್ಲ’ ಅಂದನಂತೆ. ಅವರು ರೇಗಿ ಇವತ್ತೇ ಬೇರೆ ಬ್ರಾಂಚಿಗೆ ಅಟ್ತಿದಾರೆ. ಏನಿತ್ತೋ ಆ ಮುಖದಲ್ಲಿ!”

ಆ ಮುಖ ಮ್ಯಾನೇಜರನ ಕೈಯಳತೆಯಲ್ಲೇ ಮಲಗಿತ್ತು. ತಾನೇ ಲೈಟಿಗೆ ಹಿಡಿಸಿ ಫೋಟೋ ತೆಗೆದ ಮುಖ. ಕಣ್ಣಿನ ಮೇಲೆ ಎರಡು ಹತ್ತಿಯ ತುಂಡು ಬಿದ್ದದ್ದೇ ತಡ, ಅವನಿಗೆ ನಾನು ಯಾರೋ ಆಗಿದ್ದೆ.

ಮೆಷಿನ್ ಎಡಗೆನ್ನೆಯ ಕಡೆಗೆ ಬಂತು. ಹುಡುಗಿಯ ಕೈ ಹಿಡಿದೆ.

“ಸಾಕು.”

“ಅರ್ಧ ಆಗಿದೆ ಅಷ್ಟೇ ಮೇಡಂ!”

“ಅರ್ಧ ಸಾಕು.”

ಪ್ಯಾಡ್ ಕಿತ್ತು ಎದ್ದು ಕೂತೆ. ನನ್ನನ್ನು ನೋಡಿ ಮ್ಯಾನೇಜರನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಗೋಡೆಯ ಫೋಟೋಗಳ ಮುಂದೆ ಹಾದುಹೋಗುವಾಗ ಆ ನುಣುಪು ಎಲ್ಲಿ ನೋಡಿದ್ದೆನೆಂದು ಕೊನೆಗೂ ಹೊಳೆಯಿತು. ನನ್ನ ಪರ್ಸಿನಲ್ಲಿ. ಅವನ ಕೈಯಿಂದ ತಪ್ಪಿಸಿಕೊಳ್ಳಲು ಹೋಗಿ ಅವನ ಕೈಕೆಲಸಕ್ಕೇ ಮರುಳಾಗಿ ಇಲ್ಲಿಗೆ ಬಂದು ಬಿದ್ದಿದ್ದೆ.

ಬಿಸಿಲಿನಲ್ಲೇ ನಡೆದೆ. ಡಾಕ್ಟರಮ್ಮ ನೋಡಿದ್ದರೆ ಬೈಯುತ್ತಿದ್ದರು.

ಸ್ಟುಡಿಯೋದಲ್ಲಿ ಅವನೊಬ್ಬನೇ ಇದ್ದ, ಮೇಜಿನ ಖಾನೆ ಖಾಲಿ ಮಾಡಿ ಬ್ಯಾಗಿಗೆ ತುಂಬುತ್ತಿದ್ದ. ನನ್ನನ್ನು ನೋಡಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟ.

“ಮುಖಕ್ಕೆ ಏನಾಯ್ತು?”

“ಅರ್ಧಕ್ಕೇ ಎದ್ದು ಬಂದೆ.” ಏದುಸಿರು ಬಿಡುತ್ತಿದ್ದೆ. “ಕಣ್ಣಿಗೆ ಪಟ್ಟಿ ಇತ್ತು. ಹೆತ್ತ ತಾಯಿಗೂ ಗೊತ್ತಾಗಲ್ಲ ಅಂದಿದ್ರು. ನಿನಗೆ ಹೇಗೆ ಗೊತ್ತಾಯ್ತು?”

ಅವನು ತನ್ನ ಬಲಗೈ ನೋಡಿಕೊಂಡ. “ಮೊದಲು ಗೊತ್ತಾಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ? ಎಂದಿನ ಹಾಗೇ ಹಣೆ ಮುಗಿಸ್ದೆ. ಕೆನ್ನೆಗೆ ಬಂದೆ. ಕಣ್ಣಿನ ಕೆಳಗೆ ಮೂರು ಗುಂಡಿ ಸಾಲಾಗಿ, ಅದರ ಪಕ್ಕ ಒಂದು ದೊಡ್ಡದು. ನೀನು ನಗೋದನ್ನ ತಡೆದುಕೊಳ್ಳುವಾಗ ಆ ಮೂರೂ ಒಂದಕ್ಕೊಂದು ಹತ್ರ ಬರುತ್ತವೆ. ಕೈ ನಿಂತುಹೋಯ್ತು. ಕೈ ಹಾಗೆ ತಾನಾಗಿ ನಿಂತಿದ್ದು ಅದೇ ಮೊದಲು. ಅದೇ ಹೊತ್ತಿಗೆ ನೀನು ಹಿಂದೆ ಬಂದು ಕೂಗಾಡಿದೆ.”

“ಕಾಫಿ ಶುರುವಾದ್ಮೇಲೆ ಎಡಗೆನ್ನೆ ನಾನು ನಿನಗೆ ತೋರಿಸಿದ್ದೇ ಇಲ್ಲವಲ್ಲ! ಯಾವಾಗ್ಲೂ ಗೋಡೆ ಕಡೆ...”

“ನಿನ್ನ ಕುರ್ಚಿ ಎದುರಿಗೆ ಕಿಟಕಿ ಇದೆ,” ಎಂದ. “ಹೊರಗೆ ಕತ್ತಲಾದ್ರೆ ಗಾಜಿನಲ್ಲಿ ನಿನ್ನ ಇನ್ನೊಂದು ಕಡೆ ಪೂರ್ತಿ ಕಾಣುತ್ತೆ. ನೀನು ಗೋಡೆಗೆ ಮುಚ್ಚಿಟ್ಟಿದ್ದನ್ನ ನಾನು ಗಾಜಿನಲ್ಲಿ ನೋಡ್ತಾ ಕೂತಿರ್ತಿದ್ದೆ. ನೋಡಿದ್ದು ಗೊತ್ತಾದ್ರೆ ನೀನು ಅಲ್ಲಿಂದಲೂ ಎದ್ದು ಹೋಗ್ತೀಯ ಅಂತ ಹೇಳಲಿಲ್ಲ.”

ಕನ್ನಡಿಗಳ ನಡುವೆ ಬಾಳುವೆ ಮಾಡುವ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಳು ತಡೆಯಲಾಗಲಿಲ್ಲ. ಪರ್ಸಿನಿಂದ ಎರಡಿಂಚಿನ ಸವತಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

“ನಿನಗೆ ಇವಳು ಬೇಕು ಅಂದ್ಕೊಂಡಿದ್ದೆ. ಇವಳ ಹಾಗೆ ಆಗೋವರೆಗೂ ಹೂಂ ಅನ್ನಬಾರದು ಅಂತ ಟೈಮ್ ಕೇಳಿದೆ. ಮುಖ ಕೆಂಪಾದಾಗೆಲ್ಲ ಬಚ್ಚಿಟ್ಟುಕೊಂಡೆ. ನೀನು ಬೇಡ ಅಂತ ಅಲ್ಲ. ಪ್ರೀತಿ ಇದೆ, ತುಂಬಾ ಇದೆ.”

ಅವನು ಫೋಟೋ ಎತ್ತಿಕೊಂಡು ಕಣ್ಣು ಕಿರಿದು ಮಾಡಿದ.

“ಕೆಟ್ಟ ಕೆಲಸ,” ಎಂದ. “ಮೂಗಿನ ಪಕ್ಕದ ನೆರಳನ್ನೂ ಒರೆಸಿಬಿಟ್ಟಿದ್ದೀನಿ ನೋಡು. ಬೆಳಕು ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಾಗಲ್ಲ. ಇವಳ ಜೊತೆ ಸಂಸಾರ ಮಾಡೋಕೆ ನನ್ನಿಂದ ಆಗಲ್ಲಪ್ಪ.”

ಅಳುವಿನ ನಡುವೆ ನಗು ಬಂತು. ತಡೆದುಕೊಳ್ಳಲು ನೋಡಿದೆ. ಅವನು ನನ್ನ ಕೆನ್ನೆಯನ್ನೇ ನೋಡುತ್ತಿದ್ದ.

“ಈಗ,” ಎಂದ ಮೆಲ್ಲಗೆ. “ಈಗ ಹತ್ರ ಬಂದ್ವು ಮೂರೂ.”

ಸುಳ್ಳು ಹೇಳುವುದಿಲ್ಲ, ಆಗಲೂ ಮುಖ ಮುಚ್ಚಿಕೊಳ್ಳಬೇಕು ಅನಿಸಿತು. ಅಷ್ಟು ವರ್ಷದ ಅಭ್ಯಾಸ ಒಂದು ಮಾತಿಗೆ ಹೋಗಿಬಿಡುತ್ತದೆಯೇ? ಕೈ ಮೇಲಕ್ಕೆ ಹೋಯಿತು. ಹೋದ ಕೈಯನ್ನು ನಾನೇ ತಡೆದು ಅವನ ಕನ್ನಡಕ ಕಳಚಿಕೊಂಡೆ. ಒಂದು ಕಡ್ಡಿ ಸಡಿಲವಾಗಿತ್ತು.

“ಎಷ್ಟು ದಿನದಿಂದ ಹೀಗಿದೆ?”

“ಸರಿ ಮಾಡೋಳು ಸಿಗ್ತಿರಲಿಲ್ಲ. ಸ್ಟ್ಯಾಂಡ್ ಹಿಂದೆ ಕೂತಿದ್ಲು.”

ಬ್ಯಾಗಿನಲ್ಲಿ ಸದಾ ಇರುವ ಪುಟ್ಟ ಸ್ಕ್ರೂಡ್ರೈವರ್ ತೆಗೆದು ತಿರುಪು ಬಿಗಿಮಾಡಿದೆ. ಅವನ ಕುರ್ಚಿಯ ಹತ್ತಿರಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು, ಕಿಟಕಿ ನನ್ನ ಎಡಕ್ಕೆ ಬರುವ ಹಾಗೆ ಕೂತೆ. ಮಧ್ಯಾಹ್ನದ ಬೆಳಕು ಕೆನ್ನೆಗೆ ಬಿಸಿಯಾಗಿ ತಗಲಿತು.

“ಬಸ್ಸು ಎಷ್ಟು ಹೊತ್ತಿಗೆ?”

“ಸಂಜೆ.”

“ಹೂಂ ಅಂತ ಈಗ ಹೇಳಿದ್ರೆ ತಡ ಆಯ್ತಾ?”

ಅವನು ಇಲ್ಲ ಎಂದು ತಲೆಯಾಡಿಸಿದ. ಬಸ್ಸು ಅವನನ್ನು ಹೊತ್ತುಕೊಂಡು ಹೋಗಲೇಬೇಕಿತ್ತು. ಕೆಲಸ ಅಲ್ಲಿದೆ, ನನ್ನ ಅಂಗಡಿ ಇಲ್ಲಿದೆ, ಅಮ್ಮನಿಗೆ ಹೇಳುವುದು ಬಾಕಿ ಇದೆ. ಅದೆಲ್ಲ ಗೊತ್ತಿದ್ದೂ ಅವನ ಕಣ್ಣು ತುಂಬಿಕೊಂಡಿತ್ತು, ನನ್ನದೂ.

ಕನ್ನಡಕ ಒರೆಸಿ ಅವನ ಮೂಗಿನ ಮೇಲೆ ಇಟ್ಟೆ. ಕಿವಿಯ ಹಿಂದೆ ಕಡ್ಡಿ ಕೂರಿಸಿದೆ. ಕಿವಿ ಅವತ್ತಿನ ಹಾಗೇ ಬಿಸಿಯಾಗಿತ್ತು.

“ಸರಿಯಾಗಿ ಕಾಣುತ್ತಾ?” ಎಂದು ಕೇಳಿದೆ.

“ಕಾಣುತ್ತೆ,” ಎಂದ.

ನಾನು ಮುಖ ತಿರುಗಿಸಲಿಲ್ಲ.